ದೊಡ್ಡ ಸಾಹೇಬರು ಕುಡಿದದ್ದು

ಗಜೇಂದ್ರಗಡ
ಜನವರಿ ೧೦, ೧೯೫೫, ಸೋಮವಾರ

ಅವರು ಇವತ್ತು ಬಂದರು. ನಾನು ಶಾಲೆಯಿಂದ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕೂತಿದ್ದರು, ತೊಡೆಯ ಮೇಲೆ ಒಂದು ಬಟ್ಟೆಯ ಗಂಟು. ಧಾರವಾಡದ ಜೈಲು ಮೈಮೇಲಿನ ಮಾಂಸವನ್ನೆಲ್ಲ ತಿಂದುಹಾಕಿದೆ. ಗೂಟಕ್ಕೆ ಅಂಗಿ ತೂಗುಹಾಕಿದಂತೆ ಕಾಣುತ್ತಿದ್ದರು. ಅತ್ತೆ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಹೆತ್ತ ಮಗನೆಂದು ಒಳಗೆ ಕರೆದಿರಲಿಲ್ಲ, ಹೋಗು ಎಂತಲೂ ಅಂದಿರಲಿಲ್ಲ.

“ನೀ ಬರೂತನಕ ಹೊಸ್ತಿಲ ದಾಟಬ್ಯಾಡ ಅಂತ ಇವಂಗ ಅಂದೇನಿ,” ಎಂದರು ನನಗೆ. “ಮನಿ ನಡಸಾಕಿ ನೀನು. ಕರಕೋತೀಯೋ ಬಿಡತೀಯೋ, ನೀನ ಹೇಳು ಸಕ್ಕೂಬಾಯಿ.”

ಓಣಿಯ ಕಣ್ಣುಗಳೆಲ್ಲ ನಮ್ಮ ಕಟ್ಟೆಯ ಮೇಲಿದ್ದವು. “ಒಳಗ ಬರ್ರಿ,” ಅಂದೆ. ಕರೆದದ್ದು ಓಣಿಯ ಮಂದಿಗಾಗಿ, ಅವರಿಗಾಗಿ ಅಲ್ಲ.

ನನ್ನ ಗಂಡ ಅರ್ಜುನಪ್ಪ ಯುದ್ಧದ ಕಾಲಕ್ಕೆ ಮರಾಠಾ ಪಲಟಣಿನಲ್ಲಿದ್ದವರು. ಇರಾಕ, ಇಟಲಿ ತಿರುಗಿದವರು. ಆಫೀಸರರ ಊಟದ ಮೆಸ್ಸಿನಲ್ಲಿ ಬಡಿಸುವ ಕೆಲಸ. ತಿರುಗಿ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ ಇಟ್ಟರು. ಸರಕಾರ ದಾರೂಬಂದಿ ಮಾಡಿದ ಮೇಲೂ ಗುಡ್ಡದ ಹಿಂದಿನ ಕಳ್ಳಭಟ್ಟಿ ನಿಲ್ಲಲಿಲ್ಲ, ಇವರ ಕುಡಿತವೂ ನಿಲ್ಲಲಿಲ್ಲ. ಅಂಗಡಿ ಹೋಯಿತು. ಕೊನೆಗೆ ಬಾಟ್ಲಿಯ ಸಮೇತ ಪೊಲೀಸರ ಕೈಗೆ ಸಿಕ್ಕರು.

ಒಂದು ದಿನವೂ ನನ್ನ ಮೇಲೆ ಕೈ ಎತ್ತಿದವರಲ್ಲ. ಅದನ್ನು ಹೇಳಬೇಕು. ಆದರೆ ಹೋದ ವರ್ಷ ಝಂಡಾ ಏರಿಸುವ ದಿನ ನಾನು ಕಲಿಸುವ ಹೆಣ್ಣುಮಕ್ಕಳ ಶಾಲೆಯ ಗೇಟಿನ ಮುಂದೆ ಬಿದ್ದು, ನನ್ನ ಹೆಸರು ಹಿಡಿದು ಕೂಗಿದರು. ನನ್ನ ಹುಡುಗಿಯರು ಹಾಡುವುದನ್ನು ಬಿಟ್ಟು ಮೊದಲು ಅವರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ನೋಟ ಇನ್ನೂ ಬೆನ್ನಿಗೆ ಹತ್ತಿಕೊಂಡಿದೆ.

ನರಗುಂದದ ಶಾಲೆಗೆ ವರ್ಗ ಕೇಳಿದ್ದೇನೆ. ಅಲ್ಲಿಂದ ನನ್ನ ತವರು ಕೊಣ್ಣೂರು ಹತ್ತಿರ, ಮಾಳಪ್ಪಣ್ಣ ಇದ್ದಾನೆ. ಜೂನಿನಲ್ಲಿ ಶಾಲೆ ತೆರೆಯುವಾಗ ನಾನು ಈ ಊರಲ್ಲಿರುವುದಿಲ್ಲ. ಬರೆದಿಟ್ಟರೆ ಮನಸ್ಸು ಗಟ್ಟಿಯಾಗಿರುತ್ತದೆಂದು ಬರೆಯುತ್ತಿದ್ದೇನೆ.

ಜನವರಿ ೧೧

ರೊಟ್ಟಿ ಹಾಕಿದೆ, ತಿಂದರು. ಅರ್ಧ ಬಿಟ್ಟರು.

ಜನವರಿ ೧೪, ಸಂಕ್ರಾಂತಿ

ಅತ್ತೆ ಕುಸುರೆಳ್ಳು ಕೈಯಲ್ಲಿಟ್ಟರೆ ಅವರ ಬೆರಳ ಸಂದಿಯಿಂದ ಎಲ್ಲ ಉದುರಿಹೋಯಿತು. ಕೈ ಅಷ್ಟು ನಡುಗುತ್ತಿತ್ತು. ಹಗಲು ಹೇಗೋ ಕಳೆಯುತ್ತಾರೆ. ಕಟ್ಟಿಗೆ ಒಡೆಯುತ್ತಾರೆ, ನೀರು ತರುತ್ತಾರೆ. ದೀಪ ಹಚ್ಚುವ ಹೊತ್ತಾಯಿತೋ, ಮೈತುಂಬ ಬೆವರು. ಒಳಗೆ ಹೊರಗೆ ತಿರುಗುತ್ತಾರೆ. ಇವತ್ತು ಚಪ್ಪಲಿ ಮೆಟ್ಟಿ ಓಣಿಯ ತುದಿಯವರೆಗೆ ಹೋದರು. ಗುಡ್ಡದ ದಾರಿ ಅಲ್ಲಿಂದಲೇ ಏರುತ್ತದೆ. ಅತ್ತೆ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ನಾನು ಒಳಗೇ ಇದ್ದೆ, ಆದರೆ ಹಿಟ್ಟು ನಾದುವುದನ್ನು ಮರೆತಿದ್ದೆ.

ತಿರುಗಿ ಬಂದರು.

“ಯಾಕ ಬಂದಿ?” ಅತ್ತೆ ಕೇಳಿದರು.

“ಹೋಗಬೇಕಂತನ ಹೋಗಿದ್ದೆ. ಕಾಲು ಬಂದ್ವು, ನಾನೂ ಬಂದೆ.”

ಜನವರಿ ೧೭

ಸಂಜೆ ಉತ್ತರದ ಹಾಳೆ ತಿದ್ದುತ್ತ ಕೂತಿದ್ದೆ. ಅವರು ಕಂಬಕ್ಕೆ ಒರಗಿ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದರು.

“ಸಕ್ಕೂ, ಏನರ ಮಾತಾಡು.”

“ಏನ ಮಾತಾಡಲಿ? ಕೆಲಸ ಐತಿ ನನಗ.”

“ಹಂಗಾರ ನಾ ಮಾತಾಡತೇನಿ. ನೀ ತಿದ್ದಕೋತ ಇರು.” ಒರಗಿದಲ್ಲೇ ನನ್ನ ಕಡೆ ತಿರುಗಿ, “ಆ ವಿಲಾಯತಿಯ ಚರ್ಚಿಲ್ ಸಾಹೇಬ ಏನ ಕುಡೀತಾನ, ಗೊತ್ತೇನ?” ಎಂದರು.

ನನಗೆ ಮೈ ಉರಿಯಿತು. “ಜಗತ್ತಿನ್ಯಾಗ ಬ್ಯಾರೆ ಮಾತs ಸಿಗಲಿಲ್ಲೇನ್ರಿ ನಿಮಗ?”

“ಸಿಗಲಿಲ್ಲ ಸಕ್ಕೂ. ತಲಿ ತುಂಬ ಅದs ತುಂಬೇತಿ. ಬಾಯಿಲೆ ಹೊರಗ ಹೋದ್ರ, ಬಾಯಿಲೆ ಒಳಗ ಬರೂದಿಲ್ಲೇನೋ ಅನಸ್ತೈತಿ.”

ಅವರ ದನಿ ಕೇಳಿ ಬಯ್ಯಲಾಗಲಿಲ್ಲ. ಅವರು ಹೇಳಿದರು. ಮೆಸ್ಸಿನ ಆಫೀಸರರು ಊಟವಾದ ಮೇಲೆ ಇದನ್ನೇ ಮಾತಾಡುತ್ತಿದ್ದರಂತೆ, ಯಾವ ದೇಶದ ಯಜಮಾನ ಏನು ಕುಡಿಯುತ್ತಾನೆ ಅಂತ. ಚರ್ಚಿಲ್ಲನಿಗೆ ಬೆಳಿಗ್ಗೆಯಿಂದಲೇ ವಿಸ್ಕಿ. ಆದರೆ ಗ್ಲಾಸಿನ ತಳಕ್ಕೆ ಹೆಸರಿಗಷ್ಟೇ ವಿಸ್ಕಿ, ಮೇಲೆ ಗ್ಲಾಸು ತುಂಬ ಸೋಡಾ. ಬಾಯಿ ಮುಕ್ಕಳಿಸುವ ನೀರಿನ ಹಾಗೆ. ಊಟಕ್ಕೆ ಶಾಂಪೇನು, ಊಟವಾದ ಮೇಲೆ ಬ್ರಾಂದಿ.

ಒಲೆಯ ಮುಂದಿನಿಂದ ಅತ್ತೆ ಕೇಳಿದರು: “ಅವನ ಹೇಣ್ತಿ ಏನೂ ಅಂತಿದ್ದಿಲ್ಲೇನು?”

“ಅದನ್ನ ಯಾರೂ ಹೇಳಲಿಲ್ಲ ಎವ್ವಾ.”

“ಹೇಣ್ತಿ ಸುದ್ದಿ ಇಲ್ಲದ್ದು ಅದೆಂಥಾ ಸುದ್ದಿ!”

ಅವರು ನಕ್ಕರು. ಎಷ್ಟು ದಿನವಾಗಿತ್ತೋ. ಹೊತ್ತು ಹೇಗೆ ದಾಟಿತೋ ತಿಳಿಯಲಿಲ್ಲ. ನಾನು ಒಂದೇ ಹಾಳೆ ತಿದ್ದಿದ್ದೆ, ಅದೂ ತಪ್ಪು.

ಜನವರಿ ೨೩, ಭಾನುವಾರ

ದಿನಾ ಸಂಜೆ ಅದೇ ಪುರಾಣ. ಇವತ್ತು ತುರ್ಕಸ್ತಾನದ ಕೆಮಾಲ ಪಾಶಾನದು. ಇರಾಕಿನಲ್ಲಿ ಇವರ ಮೆಸ್ಸಿನ ಅಡಿಗೆಯವ ತುರ್ಕಿ ಮಾತಿನವನಂತೆ. ಪಾಶಾನ ಹೆಸರೆತ್ತಿದರೆ ಅವನು ಸೌಟು ಕೆಳಗಿಟ್ಟು ನೆಟ್ಟಗೆ ನಿಲ್ಲುತ್ತಿದ್ದನಂತೆ. ಪಾಶಾ ಕುಡಿಯುತ್ತಿದ್ದದ್ದು ರಾಕಿ ಎಂಬುದು. ನೋಡಲು ನೀರಿನಂತೆ ತಿಳಿಯಾಗಿರುತ್ತದೆ, ನೀರು ಬೆರೆಸಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಅದರ ಜೊತೆಗೆ ಹುರಿದ ಕಡಲೆ.

“ಪುಠಾಣಿ?” ಅತ್ತೆಗೆ ಆಶ್ಚರ್ಯ. “ಅಷ್ಟ ದೊಡ್ಡ ಮನಶ್ಯಾ ಪುಠಾಣಿ ತಿಂತಿದ್ದನಾ?”

“ತಿಂತಿದ್ದಂತ ಎವ್ವಾ. ನಮ್ಮಂಗ.”

ಅತ್ತೆ ಎದ್ದು ಡಬ್ಬಿಯಿಂದ ಒಂದು ಹಿಡಿ ಪುಠಾಣಿ ತಂದು ಮಗನ ಮುಂದಿಟ್ಟರು. ಹಬ್ಬದ ಕುಸುರೆಳ್ಳು ಬಿಟ್ಟರೆ, ಅವರು ಬಂದಾಗಿನಿಂದ ಅತ್ತೆ ತಾವಾಗಿಯೇ ಕೊಟ್ಟದ್ದು ಇದೇ ಮೊದಲು. “ಹೇಣ್ತಿ?” ಎಂದರು.

“ಮದವಿ ಆಗಿ ಎರಡ ವರ್ಷಕ್ಕ ಸೋಡಚೀಟಿ ಕೊಟ್ಟು ಆಕಿನ್ನ ಬಿಟ್ಟ.”

ಅವರೇ ಮುಂದುವರಿಸಿದರು: “ಕಡೀಕ ಹೊಟ್ಟಿ ಕೆಟ್ಟು ಸತ್ತ. ಏನ ದೊಡ್ಡ ವಯಸ್ಸಲ್ಲ. ಅಡಿಗಿಯಂವ ಅದನ್ನ ಹೇಳೂವಾಗ ಅಳತಿದ್ದ.”

ನಾನು ಚಹಾ ಮಾಡಿದೆ. ಅತ್ತೆಗೆ ಬೇಕಾಗಿತ್ತು ಅಂತ ಮಾಡಿದ್ದು. ಮೂರು ಬಟ್ಟಲು ಆಯಿತು.

ಫೆಬ್ರವರಿ ೨

ಪಕ್ಕದ ಮನೆಯ ಯಮನೂರಸಾಬನೂ ಈಗ ಸಂಜೆ ಬಂದು ಕೂರುತ್ತಾನೆ. ಗಾದಿ ತುಂಬುವವನು, ಮೈಮೇಲೆಲ್ಲ ಹತ್ತಿಯ ಎಳೆ. ಹುಟ್ಟಿದಾಗಿನಿಂದ ಒಂದು ಹನಿ ಬಾಯಿಗೆ ಹಾಕಿದವನಲ್ಲ. “ಕುಡೀದs ನಿಶೆ ಏರತೈತ್ರೀ ಅಕ್ಕಾರ,” ಎಂದು ನನಗೇ ಹೇಳುತ್ತಾನೆ.

ಇವತ್ತು ಅಮೆರಿಕೆಯ ರೂಜವೆಲ್ಟನದು. ಅವನಿಗೆ ಕಾಲಿನ ಬಲ ಇರಲಿಲ್ಲ, ಗಾಲಿ ಕುರ್ಚಿಯ ಮೇಲೆ ಕೂತೇ ಅಷ್ಟು ದೊಡ್ಡ ದೇಶ ಆಳಿದ. ಸಂಜೆಯಾದರೆ ಗೆಳೆಯರನ್ನೆಲ್ಲ ಕೂಡಿಸಿಕೊಂಡು ತಾನೇ ತನ್ನ ಕೈಯಿಂದ ನಾಲ್ಕೆಂಟು ಬಾಟ್ಲಿಯದು ಬೆರೆಸಿ ಕೊಡುತ್ತಿದ್ದ. ಬೆರೆಸುವುದು ಒಂದಿಷ್ಟೂ ಬರುತ್ತಿರಲಿಲ್ಲವಂತೆ. ಕುಡಿದವರೆಲ್ಲ ಮುಖ ಕಿವುಚಿಕೊಂಡು “ಚಲೋ ಐತ್ರಿ” ಅನ್ನುತ್ತಿದ್ದರಂತೆ. ಯಮನೂರಸಾಬ ಗೋಡೆಗೆ ತಲೆ ಬಡಿದುಕೊಂಡು ನಕ್ಕ.

ಅತ್ತೆ ಕೇಳುವ ಮೊದಲೇ ಅವರು ಹೇಳಿದರು: “ಅವನ ಹೇಣ್ತಿಗೆ ಇದು ಸೇರತಿದ್ದಿಲ್ಲಂತ. ಆಕಿ ಅಪ್ಪ ಕುಡದ ಕುಡದs ಸತ್ತಾಂವ. ಹಂಗಾಗಿ ಆ ಹೊತ್ತಿನ್ಯಾಗ ಆಕಿ ಆ ಖೋಲಿ ಕಡೆ ಹಾಯತಿದ್ದಿಲ್ಲಂತ.”

ಆ ಹೆಂಗಸಿನ ಬಗ್ಗೆ ಯೋಚಿಸುತ್ತ ಕೂತಿದ್ದೇನೆ. ಗಂಡನ ಖೋಲಿಯಲ್ಲಿ ನಗು, ಗದ್ದಲ. ಈಚೆ ಇವಳು ಏನು ಮಾಡುತ್ತಿದ್ದಳು? ಏನನ್ನಾದರೂ ಬರೆಯುತ್ತಿದ್ದಳೋ. ಅವಳ ಹೆಸರೇನೆಂದು ಕೇಳಿದೆ. ಅವರಿಗೆ ನೆನಪಿರಲಿಲ್ಲ. “ಕೇಳೀದ್ದೆ, ಮರತೇನಿ. ತಪ್ಪಾತು,” ಎಂದರು, ತಮ್ಮದೇ ತಪ್ಪೆಂಬಂತೆ.

ಫೆಬ್ರವರಿ ೨೦, ಭಾನುವಾರ

ಇವತ್ತು ಮನೆಗೆ ಪೊಲೀಸರು ಬಂದಿದ್ದರು.

ದೀಪ ಹಚ್ಚಿದ ಹೊತ್ತು. ಹವಾಲ್ದಾರ, ಹಿಂದೆ ಇಬ್ಬರು. ಯಾರೋ ಹೇಳಿದ್ದಾರೆ, ಅರ್ಜುನಪ್ಪನ ಮನೆಯಲ್ಲಿ ದಿನಾ ಸಂಜೆ ಮಂದಿ ಕೂಡುತ್ತದೆ, ವಿಸ್ಕಿ ಬ್ರಾಂದಿ ಎಂಬ ಮಾತು ಕೇಳಿಬರುತ್ತದೆ ಎಂದು. ಹವಾಲ್ದಾರ ನಮ್ಮ ಚಹಾದ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ಮೂಸಿದ. ಪುಠಾಣಿಯ ತಾಟನ್ನೂ ಮೂಸಿದ.

“ಕುಡದಾಂವ ಚರ್ಚಿಲ್,” ಎಂದರು ಅತ್ತೆ. “ಹಿಡಕೊಂಡ ಹೋಗೂದಿದ್ರ ಅವನ್ನ ಹಿಡಕೊಂಡ ಹೋಗ್ರಿ.”

ಹವಾಲ್ದಾರನಿಗೆ ಅರ್ಥವಾಗಲಿಲ್ಲ. ಇವರ ತೋಳು ಹಿಡಿದು, “ಎಲ್ಲಿ ಇಟ್ಟೀಯಲೇ?” ಎಂದ. ಇವರು ತಲೆ ತಗ್ಗಿಸಿ ನಿಂತರು. ಆಗ ನಾನು ಎದ್ದೆ. ಹೇಗೆ ಎದ್ದೆನೋ ಗೊತ್ತಿಲ್ಲ.

“ಕೈ ತಗೀರಿ. ಜೈಲಿನಿಂದ ಬಂದಾಗಿಂದ ನಮ್ಮನಿಯವರು ಒಂದ ಹನಿ ಮುಟ್ಟಿಲ್ಲ. ನಾ ಸಾಲಿ ಬಾಯಿ ಅದೇನಿ, ಹುಡುಗ್ಯಾರಿಗೆ ಕಲಸಾಕಿ, ಸುಳ್ಳ ಹೇಳೂದಿಲ್ಲ. ಮೂಸೂದಿದ್ರ ಅವರ ಬಾಯಿ ಮೂಸ್ರಿ, ಇಲ್ಲಾ ನಡೀರಿ.”

ಹವಾಲ್ದಾರ ಕೈ ಬಿಟ್ಟ. ಯಮನೂರಸಾಬ ನಡೆದದ್ದೆಲ್ಲ ಬಿಡಿಸಿ ಹೇಳಿದ. ಆಮೇಲೆ ಏನಾಯಿತು ಅಂದರೆ, ಹವಾಲ್ದಾರ ಟೊಪ್ಪಿಗೆ ತೆಗೆದು ಕಟ್ಟೆಯ ಮೇಲೆ ಕೂತು, “ಆ ಗಾಲಿ ಕುರ್ಚಿಯವಂದು ಇನ್ನೊಮ್ಮಿ ಹೇಳ್ರಿ ನೋಡೂಣು,” ಎಂದ. ಮತ್ತೊಂದು ಸಲ ಚಹಾ ಮಾಡಬೇಕಾಯಿತು.

ಸಿಟ್ಟು ಬಂದದ್ದು ಶಾಲೆಯ ಮರ್ಯಾದೆಗಾಗಿ. ನಾಳೆ ಮುಖ್ಯೋಪಾಧ್ಯಾಯಿನಿ ದೊಡ್ಡ ಬಾಯಿಯವರು ಕೇಳಿದರೆ ಏನು ಹೇಳಬೇಕಿತ್ತು?

ಮಾರ್ಚ್ ೧೨

ಪರೀಕ್ಷೆಯ ಗಡಿಬಿಡಿ. ಬರೆಯಲು ಹೊತ್ತೇ ಇಲ್ಲ.

ನಿನ್ನೆ ರಶಿಯಾದ ಸ್ಟಾಲಿನ್‌ನದು ಆಯಿತು. ಅವನು ತಾನು ತನ್ನ ಊರಿನ ದ್ರಾಕ್ಷಿಯ ಮದ್ಯವನ್ನು ಗುಟುಕು ಗುಟುಕಾಗಿ ಕುಡಿಯುತ್ತ, ಎದುರಿಗಿದ್ದವರಿಗೆ ಮಾತ್ರ ಹೊಟ್ಟೆ ಬಿರಿಯೆ ಕುಡಿಸುತ್ತಿದ್ದನಂತೆ. ಕುಡಿದವರು ಬಾಯಿ ಬಿಡಲಿ ಎಂದು. ಅವನ ಹೆಂಡತಿ ಸಣ್ಣ ವಯಸ್ಸಿನಲ್ಲೇ ಹೋದಳಂತೆ. “ಹೋಗದs ಏನ ಮಾಡ್ಯಾಳು,” ಎಂದರು ಅತ್ತೆ.

“ನಮ್ಮ ಗಾಂಧಿ ಮುತ್ಯಾ ಏನ ಕುಡೀತಿದ್ದ?” ಎಂದು ಯಮನೂರಸಾಬ ಕೇಳಿದ.

“ಆಡಿನ ಹಾಲು.”

“ಹಾಂ! ನಮ್ಮನಿ ಆಡಿಗೆ ಹೇಳತೇನಿ. ಭಾಳ ಬೀಗತೈತಿ ಅದು ಇನ್ನ.”

ಇವರ ಕೈ ನಡುಗುವುದು ನಿಂತಿದೆ. ಸೂಜಿಗೆ ದಾರ ಪೋಣಿಸಿ ಕೊಟ್ಟರು.

ಏಪ್ರಿಲ್ ೭, ಗುರುವಾರ

ಶಾಲೆಗೆ ಬಂದ ಪತ್ರಿಕೆಯಲ್ಲಿ ಚರ್ಚಿಲ್ ಅಧಿಕಾರ ಬಿಟ್ಟ ಸುದ್ದಿ ಇತ್ತು. ಇವರಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಅವಸರ ಅವಸರ ನಡೆದು ಬಂದೆ. ಆಮೇಲೆ ನನಗೇ ನಗು ಬಂತು. ಇಂಥದ್ದನ್ನು ಯಾರಾದರೂ ಇಷ್ಟು ಅವಸರದಿಂದ ಮನೆಗೆ ಹೊತ್ತುತರುತ್ತಾರೆಯೇ?

“ಪಾಪ, ಇನ್ನ ಸಂಜೀಕ ಏನ ಮಾಡ್ಯಾನು?” ಎಂದರು ಇವರು, ನಿಜವಾಗಿಯೂ ಚಿಂತೆಯಿಂದ.

ಏಪ್ರಿಲ್ ೨೧, ಗುರುವಾರ

ಮಾಳಪ್ಪಣ್ಣ ಬಂದಿದ್ದ. ಕೊಣ್ಣೂರಿನಿಂದ ಬದನೆಕಾಯಿ, ಜವಾರಿ ಸೌತೆಕಾಯಿ ತಂದಿದ್ದ. ಊಟಕ್ಕೆ ಕೂತಾಗ ಇವರ ಎದುರಿಗೇ ಅಂದುಬಿಟ್ಟ: “ತಂಗಿ, ಕೆಲಸ ಆದಂಗ ತಿಳಿ. ಜೂನಕ್ಕ ನೀ ನರಗುಂದಕ್ಕ ಬರತೀ. ಮನೀನೂ ನೋಡೇನಿ. ಇನ್ನರ ನಿನಗ ಸುಖ ಸಿಗಲಿ.”

ನಾನು ಇವರಿಗೆ ಹೇಳಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಹಾಗೇ ಉಳಿದಿತ್ತು. ಇವರ ಕೈ ತಾಟಿನಲ್ಲೇ ನಿಂತಿತು. ಆಮೇಲೆ ತುತ್ತು ಕಲಸಿಕೊಂಡು, “ಚಲೋ ಆತು. ನರಗುಂದದ ಸಾಲಿ ದೊಡ್ಡದು,” ಎಂದರು. ಅಣ್ಣನಿಗೆ ಇನ್ನೊಂದು ರೊಟ್ಟಿ ಬಡಿಸಲು ನನಗೆ ಹೇಳಿದರು.

ಅಣ್ಣನನ್ನು ಬಸ್ಸು ಹತ್ತಿಸಿ ಬಂದಾಗ ಇವರು ಮನೆಯಲ್ಲಿರಲಿಲ್ಲ. ದೀಪ ಹಚ್ಚಿದೆವು. ಯಮನೂರಸಾಬ ಬಂದು ಕೂತ, ಸ್ವಲ್ಪ ಹೊತ್ತು ನೋಡಿ ಎದ್ದುಹೋದ. ಅತ್ತೆ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೨೨

ಇಲ್ಲ.

ಏಪ್ರಿಲ್ ೨೩

ಮಧ್ಯಾಹ್ನ ಯಮನೂರಸಾಬ ಇವರನ್ನು ಗುಡ್ಡದ ಹಿಂದಿನಿಂದ ಹೆಗಲ ಮೇಲೆ ಕೈ ಹಾಕಿಸಿಕೊಂಡು ಕರೆತಂದ. ಅದೇ ವಾಸನೆ. ಅತ್ತೆ ಮುಖ ತಿರುಗಿಸಿ ಗೋಡೆ ನೋಡುತ್ತ ಕೂತರು. ನಾನು ಬಿಸಿನೀರು ಕಾಸಿ ಇವರ ಮುಖ, ಕಾಲು ತೊಳೆದೆ. ಬೈಯಬೇಕೆಂದು ಎಷ್ಟೋ ಮಾತು ಕೂಡಿಹಾಕಿಕೊಂಡಿದ್ದೆ. ಪಾದದಲ್ಲಿ ಮುಳ್ಳು ಮುರಿದಿತ್ತು. ಅದನ್ನು ತೆಗೆಯುವುದರಲ್ಲಿ ಎಲ್ಲ ಮರೆತುಹೋಯಿತು.

ಏಪ್ರಿಲ್ ೨೫, ಸೋಮವಾರ

ಇವತ್ತು ಎದ್ದು ಕೂತರು. ನನ್ನ ಮುಖ ನೋಡುವುದಿಲ್ಲ. ಸಂಜೆಯಾಯಿತು. ಯಮನೂರಸಾಬ ಬರಲಿಲ್ಲ, ನಾನೇ ಬರಬೇಡವೆಂದಿದ್ದೆ. ಇವರು ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದರು. ಆ ಸುಮ್ಮನಿರುವಿಕೆ ನನಗೆ ತಡೆಯಲಾಗಲಿಲ್ಲ.

“ಎಲ್ಲಾ ದೊಡ್ಡ ಸಾಹೇಬರದೂ ಹೇಳಿದ್ರಿ,” ಅಂದೆ. “ನಿಮ್ಮದು ಹೇಳಲಿಲ್ಲ.”

“ನಂದೇನ ಹೇಳೂದು? ಗುಡ್ಡದ ಹಿಂದಿಂದು. ನಾತಾ ಹೊಡಿಯೂದು.”

“ಅದಲ್ಲ. ಮೊದಲ ಏನ ಕುಡದ್ರಿ? ಎಲ್ಲೆ ಕುಡದ್ರಿ?”

ಅತ್ತೆ ಒಲೆ ಬಿಟ್ಟು ಎದ್ದುಬಂದು ಹತ್ತಿರ ಕೂತರು. ಆಮೇಲೆ ಇವರು ನಿಧಾನವಾಗಿ ಶುರು ಮಾಡಿದರು.

ಬೆಳವಣಕಿಯ ಅಯ್ಯಪ್ಪ ಎಂಬವನು ಇವರ ಜೋಡಿಯವನಂತೆ. ಬೆಳಗಾವಿಯಲ್ಲಿ ಒಟ್ಟಿಗೇ ಭರ್ತಿಯಾದವರು. ಇಟಲಿಯ ಚಳಿಗೆ ಸಂಜೆ ಸಂಜೆ ಎಲ್ಲರಿಗೂ ಒಂದಿಷ್ಟು ರಮ್ ಕೊಡುತ್ತಿದ್ದರಂತೆ. ಅಯ್ಯಪ್ಪನಿಗೆ ಅದರ ವಾಸನೆ ಸೇರದು. ಅವನಿಗೆ ಬೇಕಾದದ್ದು ಸಕ್ಕರೆ. ತನ್ನ ಪಾಲಿನ ರಮ್ ಇವರಿಗೆ ಕೊಟ್ಟು ಇವರ ಪಾಲಿನ ಸಕ್ಕರೆ ಇಸಿದುಕೊಳ್ಳುತ್ತಿದ್ದ. ಇವರೂ ಕುಡಿಯುವವರಲ್ಲ, ಎರಡೂ ಪಾಲನ್ನು ಮತ್ಯಾರಿಗೋ ಕೊಡುತ್ತಿದ್ದರು. ಗೆಳೆಯ ಸಕ್ಕರೆ ತಿನ್ನಲಿ ಎಂದಷ್ಟೇ ಅದಲು ಬದಲು.

“ಒಂದಿನ ಮುಂಜಾನೆ ಹೊಳಿ ದಾಟೂವಾಗ ಹೋದ,” ಎಂದರು. “ಸಂಜೀಕ ರಮ್ ಬಂತು. ಸತ್ತವರ ಹೆಸರ ಇನ್ನೂ ತಗದಿದ್ದಿಲ್ಲ, ಅವನ ಪಾಲೂ ಬಂತು. ನನ್ನ ಕಿಸೇದಾಗ ಅವನ ಸಕ್ಕರಿ ಪುಡಿಕಿ ಹಂಗs ಇತ್ತು ಸಕ್ಕೂ. ಯಾರಿಗಿ ಕೊಡಲಿ? ಅವನ ಪಾಲು ನಾ ಕುಡದೆ. ನಂದೂ ಕುಡದೆ. ಆವತ್ತಿನಿಂದ ಸಂಜಿ ಆತು ಅಂದ್ರ, ಅಯ್ಯಪ್ಪನ ಪಾಲು ಬಂದಂಗ ಆಕ್ಕೈತಿ. ಒಲ್ಲೆ ಅಂತ ಹ್ಯಾಂಗ ಅನ್ನಲಿ? ಅಂದ್ರ ಅಂವ ಇಲ್ಲಂತ ಆಕ್ಕೈತೆಲಾ.”

ಮದುವೆಯಾಗಿ ಎಂಟು ವರ್ಷ. ಅಯ್ಯಪ್ಪನ ಹೆಸರನ್ನು ನಾನು ಇವತ್ತು ಮೊದಲ ಸಲ ಕೇಳಿದೆ.

ಅತ್ತೆ ಸೆರಗಿನಿಂದ ಮಗನ ಮುಖ ಒರೆಸಿದರು. “ಆ ಹುಡುಗನ ತಾಯಿ ಅದಾಳೇನೋ?”

“ಅದಾಳಂತ. ಮಾಯವ್ವ ಅಂತ. ಒಮ್ಮೆನೂ ಹೋಗಿಲ್ಲ ಎವ್ವಾ. ಏನಂತ ಮಾರಿ ತೋರಸಲಿ?”

ರಜೆ ಬಂತಲ್ಲ. ಬೆಳವಣಕಿ ಏನು ದೂರ?

ಮೇ ೮, ಭಾನುವಾರ

ಬೆಳವಣಕಿಗೆ ಹೋಗಿಬಂದೆವು.

ಬರುವುದಿಲ್ಲ ಎಂದು ಇವರು ವಾರಗಟ್ಟಲೆ ಹಟ ಹಿಡಿದಿದ್ದರು. ಅತ್ತೆ ಒಂದು ದಿನ ಬುತ್ತಿ ಕಟ್ಟಿ ಕೈಯಲ್ಲಿಟ್ಟು, “ಆಕಿನೂ ತಾಯಿನ ಅದಾಳ,” ಎಂದರು. ಅಷ್ಟಕ್ಕೆ ಹೊರಟರು. ರೋಣದಲ್ಲಿ ಬಸ್ಸು ಬದಲಿಸುವಾಗ ಮತ್ತೆ ಬೆವರಿದರು. ನಾನು ಕಿಟಕಿಯ ಕಡೆ ಅವರನ್ನು ಕೂಡಿಸಿ ಈಚೆ ಕೂತೆ, ಇಳಿದು ಹೋಗಬಾರದೆಂದು.

ಮಾಯವ್ವ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎತ್ತರದ ಆಳು, ಬೆನ್ನು ಈಗ ಬಾಗಿದೆ. ಯಾರ ಪೈಕಿ ಎಂದು ಕೇಳಿದಳು. ಇವರು ನನ್ನ ಹಿಂದೆ ಸರಿದರು. ನಾನೇ ಹೇಳಿದೆ: “ನಿಮ್ಮ ಅಯ್ಯಪ್ಪನ ಜೋಡಿ ಪಲಟಣಿನ್ಯಾಗ ಇದ್ದವರ್ರಿ.”

ಮಾಯವ್ವನ ಕೈ ನಿಂತಿತು. “ಇಷ್ಟ ವರ್ಷದ ಮ್ಯಾಲ?” ಎಂದಳು. ಸಿಟ್ಟಿನಿಂದ ಅಲ್ಲ. ಆಮೇಲೆ ಚಾಪೆ ಹಾಸಿದಳು, ನೀರು ಕೊಟ್ಟಳು. ಇವರನ್ನೇ ನೋಡುತ್ತ ಕೂತಳು, ಅವರ ಮುಖದಲ್ಲಿ ಮತ್ತೊಂದು ಮುಖ ಹುಡುಕುವ ಹಾಗೆ.

“ಸತ್ತ ಅಂತ ಒಂದ ತಾರ ಬಂದಿತ್ತು, ಅಷ್ಟ. ಮತ್ತೇನೂ ಯಾರೂ ಹೇಳಲಿಲ್ಲ ನನಗ. ಒಂದ ಕೇಳತೇನಿ, ಖರೇ ಹೇಳಪಾ. ಪಲಟಣಿಗೆ ಹೋದವರೆಲ್ಲಾ ಕುಡೀತಾರ ಅಂತ ಊರಾಗ ಅಂತಿದ್ರು. ನನ್ನ ಮಗಾನೂ ಕುಡೀತಿದ್ದನೇನು?”

“ಇಲ್ಲ ಎವ್ವಾ,” ಎಂದರು ಇವರು. “ಒಂದ ಹನಿ ಮುಟ್ಟಲಿಲ್ಲ. ಸಕ್ಕರಿ ತಿಂತಿದ್ದ. ತನ್ನದೂ ತಿಂತಿದ್ದ, ನಂದೂ ತಿಂತಿದ್ದ.”

ಮಾಯವ್ವ ನಕ್ಕುಬಿಟ್ಟಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು. “ಹೌದು, ಅಂವ ಅಯ್ಯಪ್ಪನs. ಸಣ್ಣಾಂವಿದ್ದಾಗ ಬೆಲ್ಲದ ಗಡಿಗಿ ಎಲ್ಲಿ ಮುಚ್ಚಿಟ್ರೂ ಹುಡಕತಿದ್ದ. ಗ್ವಾಡಿ ಮ್ಯಾಲ ಅಂಟ ಕೈ ಒರಸತಿದ್ದ.” ಇವರ ಮೊಣಕಾಲ ಮೇಲೆ ಕೈ ಇಟ್ಟಳು. “ಹಸದು ಹೋಗಲಿಲ್ಲಲಾ? ಸಿಹಿ ತಿಂದs ಹೋದನಲಾ?”

ಇವರು ಆಕೆಯ ಕೈಮೇಲೆ ಹಣೆ ಇಟ್ಟು ಅತ್ತರು. ನಾನು ಹುಣಸೆಯ ಬುಟ್ಟಿ ಎಳೆದುಕೊಂಡು ಬೀಜ ಬಿಡಿಸುತ್ತ ಕೂತೆ. ಕುಡಿತದ ಮಾತನ್ನು ಇವರು ಮುಚ್ಚಿಡಲಿಲ್ಲ. ತಾವು ಜೈಲಿಗೆ ಹೋಗಿಬಂದದ್ದನ್ನೂ ಹೇಳಿದರು, ಅಯ್ಯಪ್ಪನ ಪಾಲು ಇಷ್ಟು ವರ್ಷ ತಾವೇ ಕುಡಿದದ್ದನ್ನೂ ಹೇಳಿದರು.

ಮಾಯವ್ವ ಎಲ್ಲ ಕೇಳಿದಳು. “ಅವಂಗ ಬ್ಯಾಡಾಗಿದ್ದು, ಅವನ ಹೆಸರಲೆ ಯಾಕ ಕುಡೀತಿಯೋ ಹುಚ್ಚಪ್ಪಾ,” ಎಂದಳು. “ಅವನ ಪಾಲಿಂದು ಬೇಕಾದ್ರ ಹೊಲ ಐತಿ. ಆಳಿಗೆ ಹಚ್ಚಿದ್ರ ಅರ್ಧ ಬೀಳ ಬೀಳತೈತಿ. ಮುಂಗಾರಿಗೆ ಬಾ. ಹೆಸರ ಬಿತ್ತೂಣು.”

ಊಟಕ್ಕೆ ಹೋಳಿಗೆ ಮಾಡಿದಳು. ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡೆವು.

ಮೇ ೩೦

ನರಗುಂದದ ಆರ್ಡರು ಬಂದಿದೆ ಎಂದು ದೊಡ್ಡ ಬಾಯಿಯವರು ಕರೆಸಿದ್ದರು. ಬೇಡವೆಂದು ಹೇಳಿಬಂದೆ. ಯಾಕೆ ಎಂದು ಕೇಳಿದರು. ನರಗುಂದದಲ್ಲಿ ನೀರಿನ ತೊಂದರೆ ಬಹಳ ಅಂದೆ. ಅದೇನು ಸುಳ್ಳಲ್ಲ. ಜೊತೆಗೆ ಈ ವರ್ಷ ನಾಲ್ಕನೆಯ ಇಯತ್ತೆ ಕಲಿಸುವುದು ನನಗೇ ಸಿಗುವ ಹಾಗಿದೆ, ಅದನ್ನೂ ಬಿಡಬಾರದು.

ಮಾಳಪ್ಪಣ್ಣ ಸಿಟ್ಟಾಗುತ್ತಾನೆ. ಸೌತೆಕಾಯಿ ತರುವುದನ್ನಂತೂ ಬಿಡುವುದಿಲ್ಲ.

ಇವರು ದಿನಾ ಸಂಜೆ ಈಗಲೂ ಒಂದು ಸಲ ಓಣಿಯ ತುದಿಯವರೆಗೆ ಹೋಗುತ್ತಾರೆ. ನಾನೂ ಜೊತೆಗೆ ಹೋಗುತ್ತೇನೆ. ಮನೆಯಲ್ಲಿ ಬಹಳ ಸೆಕೆ.

ಜೂನ್ ೧೯, ಭಾನುವಾರ, ಬೆಳವಣಕಿ

ಮಳೆ ಹದವಾಗಿ ಬಿದ್ದಿದೆ. ಇವರು ನಾಲ್ಕು ದಿನದ ಹಿಂದೆಯೇ ಇಲ್ಲಿಗೆ ಬಂದರು. ನಾನು ಶಾಲೆಯ ರಜೆ ನೋಡಿಕೊಂಡು ನಿನ್ನೆ ಸಂಜೆ ಅತ್ತೆಯನ್ನು ಕರೆದುಕೊಂಡು ಬಂದೆ. ಮಾಯವ್ವನಿಗೂ ಅತ್ತೆಗೂ ಬಂದ ಗಳಿಗೆಯಿಂದ ಜಗಳ, ಹೋಳಿಗೆಗೆ ಬೆಲ್ಲ ಎಷ್ಟು ಹಾಕಬೇಕೆಂದು.

ನಡುವೆ ಒಂದು ದಿನ ಇವರು ಕುಡಿಯುವ ಆಸೆ ತಡೆಯಲಾರದೆ ಬೆಳವಣಕಿಯಿಂದ ರೋಣದ ದಾರಿ ಹಿಡಿದಿದ್ದರಂತೆ. ಅರ್ಧ ದಾರಿಯಲ್ಲಿ ಕೂತು ತಿರುಗಿ ಬಂದರಂತೆ. ಅವರೇ ಹೇಳಿದರು. ನಾನು ಕೇಳಿರಲಿಲ್ಲ.

ಬೆಳಿಗ್ಗೆ ಎಲ್ಲರೂ ಹೊಲಕ್ಕೆ ಹೋದೆವು. ಕರಿಮಣ್ಣು ಕಾಲಿಗೆ ಹತ್ತಿಕೊಂಡು ಚಪ್ಪಲಿಯಷ್ಟು ದಪ್ಪವಾಗುತ್ತಿತ್ತು. ಇವರು ಎತ್ತು ಹೊಡೆಯುತ್ತಿದ್ದರು. ಬಿತ್ತುವ ಕೂರಿಗೆಯ ಹಿಂದೆ ಮಾಯವ್ವ ಅದರ ಬಟ್ಟಲಿಗೆ ಹಿಡಿಹಿಡಿಯಾಗಿ ಹೆಸರುಕಾಳು ಬಿಡುತ್ತ ಬರುತ್ತಿದ್ದಳು. ಬಾಗಿದ ಬೆನ್ನಿಗೆ ಆ ಕೆಲಸ ಸುಲಭವೇ ಇದ್ದ ಹಾಗಿತ್ತು. ಮಣ್ಣಿನ ಬಿಸಿ ವಾಸನೆ. ಇವರ ಬೆನ್ನ ಮೇಲೆ ಅಂಗಿ ಒದ್ದೆಯಾಗಿ ಅಂಟಿತ್ತು. ಗೂಟಕ್ಕೆ ಹಾಕಿದ ಅಂಗಿಯಂತೆ ಅಲ್ಲ ಈಗ, ಒಳಗೆ ಮನುಷ್ಯ ಇದ್ದಾನೆ.

ಬಿಸಿಲು ಏರಿತು. ಮಾಯವ್ವ ಬದುವಿನ ಬೇವಿನ ನೆರಳಿಗೆ ಹೋಗಿ ಕೊಡದಿಂದ ನೀರು ಬಗ್ಗಿಸಿಕೊಂಡು, ಹೊಲದ ಆ ತುದಿಯಲ್ಲಿದ್ದ ಇವರ ಕಡೆ ಕೈ ಮಾಡಿ ಕೂಗಿದಳು:

“ಅಯ್ಯಪ್ಪಾ! ಬಿಸಲಾತು. ಬಾ, ನೀರ ಕುಡದ ಹೋಗೋ!”

ತಪ್ಪಿ ಬಾಯಿಗೆ ಬಂದ ಹೆಸರು. ಆಕೆಗೆ ಅದು ಗೊತ್ತೇ ಆಗಲಿಲ್ಲ. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದರು.

ಇವರು ಎತ್ತು ನಿಲ್ಲಿಸಿದರು. ಆಮೇಲೆ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಹೊಲ ತುಂಬ ಕೇಳುವಂತೆ ಓಗೊಟ್ಟರು:

“ಬಂದೆ ಎವ್ವಾ!”